ಒಂದು ಫೈಲು, ಒಂದು ಫೋನು: ಆಟಿಸಂ ಇರುವ ದೊಡ್ಡ ಮಕ್ಕಳ ಕೂಡು-ಆರೈಕೆ ಸೇವೆ ಹೇಗಿದೆ?

ಹುಬ್ಬಳ್ಳಿ-ಧಾರವಾಡದಲ್ಲಿ ಆಟಿಸಂ ಇರುವ ಮೂರು ವರ್ಷದ ಕೂಸಿಗೆ ಸ್ಪೀಚ್ ಥೆರಪಿ ಹುಡುಕುವುದು ಈಗ ಅಂಥ ಕಷ್ಟವಲ್ಲ. ಅದೇ ಕೂಸು ಹದಿನೇಳು ದಾಟಿ, ಮೀಸೆ ಮೂಡಿ, ರಾತ್ರಿ ನಿದ್ದೆ ಬಿಟ್ಟು ಗೋಡೆಗೆ ತಲೆ ಚಚ್ಚಿಕೊಳ್ಳತೊಡಗಿದಾಗ ಅಲೆದಾಟ ಶುರು. ಮಕ್ಕಳ ಡಾಕ್ಟರು "ಇನ್ನ ಮನೋವೈದ್ಯರಿಗೆ ತೋರಸ್ರಿ" ಅನ್ನುತ್ತಾರೆ. ಮನೋವೈದ್ಯರು "ಇದು ಆಟಿಸಂದಾಗ ಇರೂದ ರೀ" ಅನ್ನುತ್ತಾರೆ. ಥೆರಪಿ ಸೆಂಟರಿನವರು "ಮೊದಲ ಗುಳಿಗಿ ಕೊಡಿಸಿ ಸಮಾಧಾನ ಮಾಡ್ಕೊಂಡ ಬರ್ರಿ" ಅನ್ನುತ್ತಾರೆ. ಮೂರೂ ಮಾತು ಅರ್ಧರ್ಧ ಸರಿ. ಮೂವರಲ್ಲಿ ಒಬ್ಬರೂ ಇನ್ನೊಬ್ಬರಿಗೆ ಫೋನ್ ಮಾಡಿರುವುದಿಲ್ಲ.

ಈ ಸಂದಿಯಲ್ಲಿ ಕೆಲಸ ಮಾಡುವ ಒಂದು ಕೂಡು-ಆರೈಕೆ ಸೇವೆ, ಅಂದರೆ ಬೇರೆ ಬೇರೆ ತಜ್ಞರು ಕೂಡಿ ನೋಡುವ ಸೇವೆ, ಅವಳಿ ನಗರದಲ್ಲಿ ನಡೆಯುತ್ತಿದೆ. ಹೆಸರು ಬರೆಯುತ್ತಿಲ್ಲ, ಯಾಕೆಂದರೆ ಮುಂದೆ ತಕರಾರುಗಳೂ ಬರುತ್ತವೆ. ಅಲ್ಲದೆ ಬೇರೆ ಯಾರಾದರೂ ಇಂಥದ್ದನ್ನು ಶುರು ಮಾಡಿದರೆ ಅವರನ್ನು ಅಳೆಯಲಿಕ್ಕೂ ಇದೇ ಗಜಕೋಲು ಸಾಕು. ಬರೆದ ನಾವು ಇದೇ ಕ್ಷೇತ್ರದಲ್ಲಿ ಕೆಲಸ ಮಾಡುವವರು, ಆ ಸೇವೆಯ ಜೊತೆ ದುಡ್ಡಿನ ವ್ಯವಹಾರ ಇಲ್ಲ.

ಪ್ರತಿ ಗುರುವಾರ ಮಧ್ಯಾಹ್ನ ಎರಡರಿಂದ ಐದರ ತನಕ ಒಬ್ಬ ಮನೋವೈದ್ಯರು, ಒಬ್ಬ ಫಿಜಿಶಿಯನ್, ಕ್ಲಿನಿಕಲ್ ಸೈಕಾಲಜಿಸ್ಟ್, ಸ್ಪೀಚ್ ಥೆರಪಿಸ್ಟ್, ಒಟಿ (ದಿನನಿತ್ಯದ ಕೆಲಸ ಕಲಿಸುವ ಆಕ್ಯುಪೇಷನಲ್ ಥೆರಪಿಸ್ಟ್) ಒಂದೇ ಕಡೆ ಕೂಡುತ್ತಾರೆ. ಇವರೆಲ್ಲರ ನಡುವೆ ಓಡಾಡುವ ಒಬ್ಬ ಕೋಆರ್ಡಿನೇಟರ್ ಇದ್ದಾರೆ. ತೆಗೆದುಕೊಳ್ಳುವುದು 14 ವರ್ಷ ಮೇಲ್ಪಟ್ಟವರನ್ನು ಮಾತ್ರ, ಅದೂ ಆಟಿಸಂ ಜೊತೆಗೆ ಆತಂಕ, ಖಿನ್ನತೆ, ಒಸಿಡಿ (ಬೇಡವೆಂದರೂ ಒಂದೇ ಯೋಚನೆ, ಒಂದೇ ಕೆಲಸ ಮತ್ತೆ ಮತ್ತೆ ಬರುವ ಕಾಯಿಲೆ), ಸೈಕೋಸಿಸ್ (ಇಲ್ಲದ್ದು ಕೇಳುವ, ಕಾಣುವಂಥ ಭ್ರಮೆ) ಇರಬಹುದೆಂಬ ಅನುಮಾನ, ತನಗೆ ತಾನೇ ಹೊಡೆದುಕೊಳ್ಳುವುದು, ಊಟ ನಿದ್ದೆ ಕೆಟ್ಟಿರುವುದು ಇಂಥ ಏನಾದರೂ ಇದ್ದರೆ. ಸಣ್ಣ ಮಗುವಿನ ಮಾತು ತಡವಾಗಿದೆ ಎಂಬ ಚಿಂತೆಗೆ ಇದು ಜಾಗವಲ್ಲ. ಅದಕ್ಕೆ ಜಿಲ್ಲಾ ಮಟ್ಟದ ಶೀಘ್ರ ಹಸ್ತಕ್ಷೇಪ ಕೇಂದ್ರ ಇದೆ.

ಕೂಡು-ಆರೈಕೆ ಅಂದರೆ ಒಂದೇ ಕಟ್ಟಡದಲ್ಲಿ ಐದು ಬೋರ್ಡು ಹಾಕಿಕೊಂಡು ಕೂಡುವುದು ಅಂತ ಬಹಳ ಮಂದಿ ತಿಳಿದಿದ್ದಾರೆ. ಅಷ್ಟೇ ಅಲ್ಲ. ಈ ಪದ್ಧತಿ ರೂಪಗೊಂಡದ್ದು ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ, 1990ರ ದಶಕದಲ್ಲಿ, ವೇಯ್ನ್ ಕೇಟನ್ ಮತ್ತು ಯೂರ್ಗನ್ ಉನುಟ್ಸರ್ ಅವರ ತಂಡದಿಂದ. 2002ರಲ್ಲಿ ಪ್ರಕಟವಾದ ಇಂಪ್ಯಾಕ್ಟ್ ಪರೀಕ್ಷೆಯಲ್ಲಿ 18 ಕ್ಲಿನಿಕ್‌ಗಳ 1,801 ಹಿರಿಯರ ಖಿನ್ನತೆಗೆ ಇದನ್ನು ಹಚ್ಚಿ ನೋಡಿದರು, ಎಂದಿನ ಚಿಕಿತ್ಸೆಗಿಂತ ಸ್ಪಷ್ಟವಾಗಿ ಮೇಲಾಯಿತು. ಅದರ ಒಳಗಿನ ಯಂತ್ರ ಇಷ್ಟೇ: ಎಲ್ಲ ರೋಗಿಗಳ ಹೆಸರೂ ಒಂದೇ ರಿಜಿಸ್ಟರಿನಲ್ಲಿ, ಒಬ್ಬ ಕೇರ್ ಮ್ಯಾನೇಜರ್ ಅವರಿಗೆಲ್ಲ ಫೋನ್ ಮಾಡಿ ಸ್ಥಿತಿಯನ್ನು ಅಂಕಿಯಲ್ಲಿ ಅಳೆಯುವುದು, ಯಾರ ಅಂಕಿ ಇಳಿಯುತ್ತಿಲ್ಲವೋ ಅವರ ಬಗ್ಗೆ ವಾರಕ್ಕೊಮ್ಮೆ ಮನೋವೈದ್ಯರ ಜೊತೆ ಕೂತು ಚಿಕಿತ್ಸೆ ಬದಲಿಸುವುದು. ಬರದೆ ಹೋದ ರೋಗಿಯನ್ನು ಹುಡುಕಿ ಹಿಡಿಯುವುದೇ ಅದರ ಜೀವಾಳ. ಆದರೆ ಅದು ಹುಟ್ಟಿದ್ದು ಮಾತಾಡಿ ಹೇಳಬಲ್ಲ ಹಿರಿಯರಿಗಾಗಿ. ಆಟಿಸಂ ಇರುವವರಿಗೆ ಹೊಂದಿಸುವಾಗ ಅಳತೆ, ಮಾತು, ಹೊತ್ತು ಮೂರನ್ನೂ ಬದಲಿಸಬೇಕು. ಈ ಸೇವೆ ಮೊದಲಿನ ಎರಡನ್ನು ಚೆನ್ನಾಗಿ ಬದಲಿಸಿದೆ. ಹೊತ್ತಿನ ವಿಷಯದಲ್ಲಿ ಎಡವಿದೆ.

ಮೊದಲ ಭೇಟಿಗೆ 90 ನಿಮಿಷ ಇಟ್ಟಿದ್ದಾರೆ. ಅದಕ್ಕೂ ಒಂದು ವಾರ ಮೊದಲೇ ವಾಟ್ಸಾಪಿನಲ್ಲಿ ಆರು ಫೋಟೋ ಬರುತ್ತವೆ: ಗೇಟು, ಮೆಟ್ಟಿಲು, ಕೂಡುವ ಕೋಣೆ, ಶೌಚಾಲಯ, ತೂಕದ ಮಷೀನು, ನೋಡಲಿರುವ ಡಾಕ್ಟರ ಮುಖ. ಸಣ್ಣ ಸಂಗತಿ ಅನಿಸುತ್ತದೆ, ಆದರೆ ಹೊಸ ಜಾಗಕ್ಕೆ ಹೋಗುವುದೇ ದೊಡ್ಡ ದಿಗಿಲಾಗಿರುವವರಿಗೆ ಇದರಿಂದ ಅರ್ಧ ಹೊರೆ ಇಳಿಯುತ್ತದೆ. ಪಾಳಿ ಹಚ್ಚಿ ಕೂಡುವ ಅಗತ್ಯವಿಲ್ಲ. ಹೊರಗೆ ರಿಕ್ಷಾದಲ್ಲೋ ಬೇವಿನ ಮರದ ಕೆಳಗೋ ಕೂತಿದ್ದರೆ ಫೋನ್ ಮಾಡಿ ಒಳಗೆ ಕರೆಯುತ್ತಾರೆ. ಕೋಣೆಯ ಟ್ಯೂಬ್‌ಲೈಟ್ ತೆಗೆದು ಹಳದಿ ಬಲ್ಬು ಹಾಕಿದ್ದಾರೆ. ಫ್ಯಾನ್ ಮಾತ್ರ ಇನ್ನೂ ಕಟಕಟ ಅನ್ನುತ್ತದೆ. ಧ್ವನಿಗೆ ಮೈಯೆಲ್ಲ ಕಿವಿಯಾಗಿರುವವರನ್ನು ನೋಡುವ ಜಾಗದಲ್ಲಿ ಒಂದು ಬೇರಿಂಗ್ ಬದಲಿಸಲಿಕ್ಕೆ ಇಷ್ಟು ದಿನ ಯಾಕೆ ಬೇಕೋ ತಿಳಿಯದು.

ಪ್ರಶ್ನೆ ಕೇಳುವ ರೀತಿಗೆ ಪೂರ್ತಿ ಅಂಕ. ಸಾಮಾನ್ಯ ಓಪಿಡಿಯಲ್ಲಿ "ನಿಂಗ ಯಾರೋ ಮಾತಾಡಿದ್ದು ಕೇಳಿಸ್ತದೇನಪಾ?" ಅಂತ ಕೇಳಿದರೆ ಆಟಿಸಂ ಇರುವ ಹುಡುಗ "ಹೂಂ" ಅಂದೇ ಅನ್ನುತ್ತಾನೆ. ಅವನಿಗೆ ಕೇಳಿಸುತ್ತಿರುವುದು ಪಕ್ಕದ ಕೋಣೆಯ ನರ್ಸ್ ಧ್ವನಿ, ಪ್ರಶ್ನೆಗೆ ಉತ್ತರ ನಿಜ. ಆ ಒಂದು ಹೂಂಕಾರದ ಮೇಲೆ ಸ್ಕಿಜೋಫ್ರೇನಿಯಾ ಅಂತ ಚೀಟಿಯಲ್ಲಿ ಬಿದ್ದು, ವರ್ಷಗಟ್ಟಲೆ ಗುಳಿಗೆ ನಡೆಯಬಹುದು. ಇಲ್ಲಿ ಮೂರು ಪ್ರಶ್ನೆ ಬರೆದು ತೋರಿಸುತ್ತಾರೆ: ಧ್ವನಿ ಎಲ್ಲಿಂದ ಬರುತ್ತದೆ, ಪಕ್ಕದಲ್ಲಿದ್ದವರಿಗೂ ಅದು ಕೇಳುತ್ತದೆಯೇ, ಕಿವಿ ಮುಚ್ಚಿಕೊಂಡರೆ ನಿಲ್ಲುತ್ತದೆಯೇ. ತಾನೇ ತನ್ನೊಳಗೆ ಸಿನಿಮಾ ಡೈಲಾಗ್ ಹೇಳಿಕೊಳ್ಳುವುದು, ಹಿಂದಿನ ಬೈಗುಳವನ್ನು ಜೋರಾಗಿ ಮತ್ತೆ ಮತ್ತೆ ಆಡುವುದು ಇವೆರಡೂ ಆಟಿಸಂನಲ್ಲಿ ಇರುವಂಥವೇ, ಭ್ರಮೆ ಅಲ್ಲ. ಒಸಿಡಿ ವಿಷಯದಲ್ಲೂ ಹೀಗೇ ಬಿಡಿಸಿ ನೋಡುತ್ತಾರೆ. ಚಪ್ಪಲಿ ಸಾಲಾಗಿ ಇಟ್ಟು ಮುಖ ಅರಳಿದರೆ ಅದು ಅವನ ಇಷ್ಟ. ಅಳುತ್ತಲೇ ಇಪ್ಪತ್ತು ಸಲ ಕೈ ತೊಳೆದು, ನಿಲ್ಲಿಸಲಾಗದೆ ಒದ್ದಾಡಿದರೆ ಅದಕ್ಕೆ ಚಿಕಿತ್ಸೆ ಬೇಕು.

"ನಿಂಗ ಹೆಂಗ ಅನಸ್ತದ?" ಎಂಬ ಪ್ರಶ್ನೆಯನ್ನು ಇವರು ಬಿಟ್ಟೇಬಿಟ್ಟಿದ್ದಾರೆ. ತನ್ನೊಳಗಿನ ಭಾವನೆಗೆ ಹೆಸರು ಹಚ್ಚುವುದೇ ಬಹಳ ಮಂದಿಗೆ ಕಷ್ಟ. ಕೇಳಿದರೆ "ಏನಿಲ್ಲ" ಅನ್ನುತ್ತಾರೆ, ಅದನ್ನು ನಂಬಿ ಡಾಕ್ಟರು ಮುಂದೆ ಹೋಗುತ್ತಾರೆ. ಬದಲಿಗೆ ಆತಂಕದ ಅಳತೆಪಟ್ಟಿಯನ್ನು ಧಾರವಾಡ-ಹುಬ್ಬಳ್ಳಿ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣಗಳ ಹಾಗೆ ಬರೆದಿದ್ದಾರೆ. ಜ್ಯುಬಿಲಿ ಸರ್ಕಲ್ಲಿನಲ್ಲಿ ಬಸ್ಸು ಖಾಲಿ, ಮೈ ಹಗುರ. ಸತ್ತೂರಿನಲ್ಲಿ ಸೀಟು ತುಂಬಿದೆ, ಕೈ ಬೆವರುತ್ತದೆ. ನವನಗರದಲ್ಲಿ ನಿಂತವರು ಮೈಗೆ ತಾಗುತ್ತಾರೆ, ಎದೆ ಹೊಡೆದುಕೊಳ್ಳುತ್ತದೆ. ಉಣಕಲ್ಲಿನಲ್ಲಿ ಇಳಿಯಬೇಕು ಅನಿಸುತ್ತದೆ, ಹೊಸೂರಿಗೆ ಬಂದರೆ ಚೀರುತ್ತೇನೆ. ರೋಗಿ ಬೆರಳಿಟ್ಟು ತೋರಿಸಿದರೆ ಸಾಕು. ಚಿಕಿತ್ಸೆಯ ಗುರಿಯೂ ಇದೇ ಪಟ್ಟಿಯ ಮೇಲೆ: ಉಣಕಲ್ಲಿಗೆ ಹೋಗುವ ಮೊದಲೇ, ಸತ್ತೂರಿನಲ್ಲೇ ಇಳಿಯಲು ಕಲಿಯುವುದು. ಅಂದರೆ ಮೊದಲ ಲಕ್ಷಣಕ್ಕೇ ಕಿವಿಮುಚ್ಚಿಗೆ ಹಾಕಿಕೊಂಡು ಹೊರಗೆ ಬರುವುದು. ಬಸ್ಸಿನಲ್ಲಿ ಆಸಕ್ತಿ ಇಲ್ಲದವರಿಗೆ ಬೇರೆ ಪಟ್ಟಿ. ಒಬ್ಬರಿಗೆ ಮಿಕ್ಸರಿನ ಗುಂಡಿಯ ಅಂಕಿಗಳು, ಇನ್ನೊಬ್ಬರಿಗೆ ಜೋಳದ ರೊಟ್ಟಿ ಸುಡುವ ಹಂತಗಳು. ಪುಸ್ತಕದ ಸಿಬಿಟಿಯನ್ನು (ಯೋಚನೆ, ವರ್ತನೆ ತಿದ್ದುವ ಮಾತಿನ ಚಿಕಿತ್ಸೆ) ಈ ಮಣ್ಣಿಗೆ ಇಷ್ಟು ನೆಟ್ಟಗೆ ಹೊಂದಿಸಿದ್ದು ಕಡಿಮೆ.

ಇಡೀ ಸೇವೆಯಲ್ಲಿ ನಮ್ಮ ಪ್ರಕಾರ ಅತ್ಯಂತ ಬೆಲೆಯುಳ್ಳ ಭಾಗ ಮೊದಲ ಎರಡು ವಾರ. ಆಗ ಹೊಸ ಗುಳಿಗೆ ಬರೆಯುವುದಿಲ್ಲ, ಜೀವಕ್ಕೆ ಅಪಾಯ ಇದ್ದರೆ ಮಾತ್ರ ಬೇರೆ ಮಾತು. ಮೊದಲು ದೇಹ. ಫಿಜಿಶಿಯನ್ ಕೈಯಲ್ಲಿ ಟಾರ್ಚು ಹಿಡಿದು ಹಲ್ಲು, ಒಸಡು, ಕಿವಿ ನೋಡುತ್ತಾರೆ. ಹೊಟ್ಟೆ ಮುಟ್ಟಿ ನೋಡುತ್ತಾರೆ. ಕಿವಿಯ ಪಕ್ಕಕ್ಕೇ ಹೊಡೆದುಕೊಳ್ಳುವವರಲ್ಲಿ ದವಡೆ ಹಲ್ಲು ಕೊಳೆತಿರುವುದು, ಕಿವಿಯಲ್ಲಿ ಗುಗ್ಗೆ ಗಟ್ಟಿಯಾಗಿರುವುದು ಸಿಗುತ್ತದೆ. ಊಟವಾದ ಮೇಲೆ ಎದೆ ಬಡಿದುಕೊಳ್ಳುವವರಲ್ಲಿ ಹುಳಿತೇಗು. ಹುಡುಗಿಯರಲ್ಲಿ ತಿಂಗಳ ನಾಲ್ಕೈದು ದಿನಕ್ಕೇ ರಂಪ ಜಾಸ್ತಿಯಾದರೆ ಮುಟ್ಟಿನ ನೋವು. ಕ್ಯಾಲೆಂಡರಿನಲ್ಲಿ ಮೂರು ತಿಂಗಳು ಗುರುತು ಹಾಕಿದರೆ ತಾನೇ ಕಾಣುತ್ತದೆ. ಇದ್ದಕ್ಕಿದ್ದಂತೆ ಕಣ್ಣು ನೆಟ್ಟು ನಿಂತರೆ ಫಿಟ್ಸ್ ಅಂತ ಅನುಮಾನಿಸಿ ಇಇಜಿಗೆ (ಮಿದುಳಿನ ವಿದ್ಯುತ್ ಅಲೆಗಳ ಪರೀಕ್ಷೆ) ಕಳಿಸುತ್ತಾರೆ. ಆಟಿಸಂ ಇರುವವರಲ್ಲಿ ಮೂರ್ಛೆರೋಗ ಉಳಿದವರಿಗಿಂತ ಜಾಸ್ತಿ.

ಮಲಬದ್ಧತೆಯನ್ನು ಮಾತ್ರ ಎಲ್ಲರೂ ಹಗುರಾಗಿ ನೋಡುತ್ತಾರೆ. ಈ ಸುತ್ತು ಹೇಗೆ ಬೀಳುತ್ತದೆ ನೋಡಿ. ಹುಡುಗ ತಲೆ ಚಚ್ಚಿಕೊಳ್ಳುತ್ತಾನೆ ಅಂತ ರಿಸ್ಪೆರಿಡೋನ್ ಎಂಬ ಸೈಕೋಸಿಸ್ ಗುಳಿಗೆ ಶುರುವಾಗುತ್ತದೆ. ಕೈನಡುಕ ಬರಬಾರದು ಅಂತ ಅದರ ಜೊತೆಗೇ ಟ್ರೈಹೆಕ್ಸಿಫೆನಿಡಿಲ್ ಕೂಡಿಸುತ್ತಾರೆ. ಬಹಳ ಸಲ ಎರಡೂ ಒಂದೇ ಗುಳಿಗೆಯಲ್ಲಿ ಇರುತ್ತವೆ, ಮನೆಯವರಿಗೆ ಗೊತ್ತೂ ಇರುವುದಿಲ್ಲ. ಟ್ರೈಹೆಕ್ಸಿಫೆನಿಡಿಲ್ ಕರುಳಿನ ಚಲನೆಯನ್ನು ನಿಧಾನ ಮಾಡುತ್ತದೆ, ಬಾಯಿ ಒಣಗಿಸುತ್ತದೆ. ಹುಡುಗ ಮೊದಲೇ ಬಿಳಿ ಅನ್ನ, ಬಿಸ್ಕೀಟು ಬಿಟ್ಟು ಬೇರೆ ಮುಟ್ಟುವವನಲ್ಲ. ನಾಲ್ಕು ದಿನಕ್ಕೊಮ್ಮೆ ಹೊರಕಡೆಗೆ ಹೋಗತೊಡಗುತ್ತಾನೆ. ಹೊಟ್ಟೆ ನೋಯುತ್ತದೆ, ಹೇಳಲು ಬರುವುದಿಲ್ಲ, ತಲೆ ಇನ್ನೂ ಜೋರಾಗಿ ಚಚ್ಚುತ್ತಾನೆ. "ಡೋಸ್ ಸಾಲೂದಿಲ್ಲ" ಅಂತ ರಿಸ್ಪೆರಿಡೋನ್ ಏರುತ್ತದೆ. ಏರಿದಾಗ ಇನ್ನೊಂದು ತೊಂದರೆ, ಅಕಥೀಸಿಯಾ: ಕಾಲೊಳಗೆ ತಳಮಳ, ಕೂತಲ್ಲಿ ಕೂಡಲಾಗದೆ ಕೋಣೆಯುದ್ದಕ್ಕೂ ಓಡಾಟ. ಅದನ್ನೂ ಆಟಿಸಂನ ಚಡಪಡಿಕೆ ಅಂತಲೇ ಓದುತ್ತಾರೆ, ಡೋಸ್ ಮತ್ತೆ ಏರುತ್ತದೆ. ಮನೋವೈದ್ಯರು, ಫಿಜಿಶಿಯನ್, ಊಟ ನೋಡುವ ಒಟಿ ಬೇರೆ ಬೇರೆ ಊರಲ್ಲಿ ಕೂತಿದ್ದರೆ ಈ ಸುತ್ತು ಯಾರ ಕಣ್ಣಿಗೂ ಬೀಳುವುದಿಲ್ಲ. ಪ್ರತಿಯೊಬ್ಬರೂ ತಮ್ಮ ತುಂಡು ಸರಿಯಾಗಿಯೇ ಮಾಡಿರುತ್ತಾರೆ. ಒಂದು ಮೇಜಿನ ಸುತ್ತ ಕೂತಾಗ ಎಂಟು ನಿಮಿಷದಲ್ಲಿ ಬಿಡಿಸಬಹುದು. ಇಲ್ಲಿ ಅದಕ್ಕೆ ಮಾಡುವುದು ಇಷ್ಟೇ. ಮನೆಗೆ ಒಂದು ಕ್ಯಾಲೆಂಡರು ಕೊಟ್ಟು ಮಲವಿಸರ್ಜನೆಯಾದ ದಿನ ನೀಲಿ ಚುಕ್ಕಿ, ಹೊಡೆದುಕೊಂಡ ದಿನ ಕೆಂಪು ಚುಕ್ಕಿ ಹಾಕಿಸುತ್ತಾರೆ. ನೀಲಿ ಇಲ್ಲದ ಮೂರನೇ ದಿನದಿಂದ ಕೆಂಪು ಒತ್ತಾಗಿ ಬಂದರೆ ಇನ್ನೇನು ಹೇಳಬೇಕಾಗಿಲ್ಲ.

ಗುಳಿಗೆಯ ನಿಯಮ ಕಟ್ಟುನಿಟ್ಟು. ಬರೆಯುವ ಕೈ ಒಂದೇ. ಬೇರೆ ಡಾಕ್ಟರು ಏನೇ ಸೇರಿಸಬೇಕೆಂದರೂ ಕೋಆರ್ಡಿನೇಟರ್ ಮೂಲಕ ಆ ಒಂದು ಕೈಗೆ ಹೋಗಬೇಕು. ಮೊದಲ ದಿನ ಮನೆಯಲ್ಲಿರುವ ಎಲ್ಲ ಸ್ಟ್ರಿಪ್‌ಗಳನ್ನೂ ಚೀಲದಲ್ಲಿ ತರಿಸಿ, ಹಿಂಬದಿಯ ಸಣ್ಣಕ್ಷರದ ರಾಸಾಯನಿಕ ಹೆಸರನ್ನು ಓದಿ ಪಟ್ಟಿ ಮಾಡುತ್ತಾರೆ. ಎರಡು ಊರಿನ ಎರಡು ಬ್ರ್ಯಾಂಡು, ಒಳಗೆ ಒಂದೇ ಔಷಧ. ದಿನಕ್ಕೆ ದುಪ್ಪಟ್ಟು ನಡೆದಿರುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ. ಎರಡು ಬದಲಿಸಿದರೆ ಯಾವುದರಿಂದ ಏನಾಯಿತು ಅಂತ ದೇವರಿಗೂ ತಿಳಿಯದು. ರಿಸ್ಪೆರಿಡೋನ್‌ಗೆ 2006ರಲ್ಲಿ, ಅದೇ ಗುಂಪಿನ ಅರಿಪಿಪ್ರಜೋಲ್‌ಗೆ 2009ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟದ್ದು ಆಟಿಸಂ ಇರುವ ಮಕ್ಕಳ ತೀವ್ರ ಸಿಡುಕಿಗೆ. ಆಟಿಸಂ ಗುಣಪಡಿಸಲಿಕ್ಕಲ್ಲ ಎಂಬುದನ್ನು ಇವರು ಮನೆಯವರಿಗೆ ಬಾಯಿಬಿಟ್ಟು ಹೇಳುತ್ತಾರೆ. ಶುರು ಮಾಡುವ ಮುಂಚೆ ತೂಕ, ಸೊಂಟದ ಸುತ್ತಳತೆ, ಬಿಪಿ, ಉಪವಾಸದ ಸಕ್ಕರೆ, ಕೊಬ್ಬಿನ ಪರೀಕ್ಷೆ; ತೂಕ ತಿಂಗಳಿಗೊಮ್ಮೆ, ರಕ್ತ ಮೂರು ತಿಂಗಳಿಗೆ ಮತ್ತೆ. ಮೊದಲ ತಿಂಗಳುಗಳಲ್ಲೇ ಹಸಿವು ಏರಿ ಅಂಗಿ ಬಿಗಿಯಾಗತೊಡಗುತ್ತದೆ, ತಡವಾಗಿ ನೋಡಿದರೆ ಇಳಿಸುವುದು ಕಷ್ಟ.

ಖಿನ್ನತೆ, ಆತಂಕಕ್ಕೆ ಕೊಡುವ ಎಸ್‌ಎಸ್‌ಆರ್‌ಐ ಗುಂಪಿನ ಔಷಧಗಳನ್ನು ಎಂದಿನದಕ್ಕಿಂತ ಕಡಿಮೆ ಡೋಸಿನಿಂದ ಶುರು ಮಾಡುತ್ತಾರೆ, ನಿಧಾನ ಏರಿಸುತ್ತಾರೆ. ಯಾಕೆಂದರೆ ಕೆಲವರಲ್ಲಿ ಮೊದಲ ವಾರಗಳಲ್ಲೇ ನಿದ್ದೆ ಹಾರಿ, ಮೈಯೆಲ್ಲ ಚುರುಕೇರಿ, ಸುಮ್ಮನಿದ್ದವರು ಜಿಗಿದಾಡತೊಡಗುತ್ತಾರೆ. ಮತ್ತೆ ಮತ್ತೆ ಮಾಡುವ ವರ್ತನೆ ಕಡಿಮೆಯಾಗಲಿ ಅಂತಷ್ಟೇ ಇದನ್ನು ಕೇಳಿ ಬಂದರೆ ಬರೆದುಕೊಡುವುದಿಲ್ಲ. 149 ಮಕ್ಕಳ ಮೇಲೆ ಮಾಡಿ 2009ರಲ್ಲಿ ಪ್ರಕಟಿಸಿದ, ಇದೇ ಗುಂಪಿನ ಸಿಟಲೋಪ್ರಾಮ್ ಔಷಧದ ಪರೀಕ್ಷೆಯಲ್ಲಿ ಅದಕ್ಕೆ ಪ್ರಯೋಜನ ಕಾಣಲಿಲ್ಲ, ಅಡ್ಡಪರಿಣಾಮ ಮಾತ್ರ ಕಂಡಿತು. ನಿದ್ದೆ ಕೆಟ್ಟಿದ್ದರೆ ಮೊದಲು ಮೊಬೈಲು ಮತ್ತು ಬೆಳಕು ಕಡಿಮೆ ಮಾಡಿಸುತ್ತಾರೆ, ಆಮೇಲೆ ನಿದ್ದೆಗೆ ನೆರವಾಗುವ ಮೆಲಟೋನಿನ್ ಗುಳಿಗೆ.

ಒಂದು ಸ್ಥಿತಿಯನ್ನು ಇವರು ಹಿಡಿಯುವ ಪರಿ ಮೆಚ್ಚಬೇಕು. ಚಟಪಟ ಇದ್ದವನು ತಿಂಗಳೆರಡು ತಿಂಗಳಲ್ಲಿ ನಿಧಾನವಾಗುತ್ತಾನೆ. ಬಾಗಿಲ ಹೊಸ್ತಿಲ ಮೇಲೆ ಒಂದು ಕಾಲಿಟ್ಟು ನಿಂತೇಬಿಡುತ್ತಾನೆ. ತುತ್ತು ಬಾಯಿಯ ಹತ್ತಿರ ತಂದು ಅಲ್ಲೇ ಹಿಡಿದಿರುತ್ತಾನೆ. ತಾಯಿ ಮೊಣಕೈ ಮುಟ್ಟಿದರೆ ಮುಂದೆ ಸಾಗುತ್ತಾನೆ. ಮನೆಯವರು ಇದನ್ನು ಹಟ ಅನ್ನುತ್ತಾರೆ, ಸೋಮಾರಿತನ ಅನ್ನುತ್ತಾರೆ, ಯಾರೋ ಏನೋ ಮಾಡಿಸಿದ್ದಾರೆ ಅಂತಲೂ ಹೇಳುವುದುಂಟು. ಇದು ಕೆಟಟೋನಿಯಾ, ಅಂದರೆ ಮೈ ಚಲನೆಯೇ ಸಿಕ್ಕಿಕೊಂಡು ನಿಲ್ಲುವ ಕಾಯಿಲೆ, ಆಗಿರಬಹುದು. ಹರೆಯದ ಮತ್ತು ಎಳೆಯ ವಯಸ್ಸಿನ ಆಟಿಸಂ ಇರುವವರಲ್ಲಿ ಬರುತ್ತದೆ, ಲೊರಾಜೆಪಾಮ್‌ನಿಂದ ಸುಧಾರಿಸುವಂಥದ್ದು. ಸೈಕೋಸಿಸ್ ಗುಳಿಗೆ ಏರಿಸಿದರೆ ಹೆಚ್ಚಾಗುವ ಅಪಾಯವಿದೆ. ಊಟ ನೀರು ನಿಂತರೆ, ಮೈ ಬಿಗಿದು ಜ್ವರ ಬಂದರೆ ಗುರುವಾರಕ್ಕೆ ಕಾಯಬಾರದು, ಆ ಕ್ಷಣವೇ ದೊಡ್ಡ ದವಾಖಾನೆಗೆ ಒಯ್ಯಬೇಕು. ಈ ಎಚ್ಚರಿಕೆಯನ್ನು ಫೈಲಿನ ಹೊದಿಕೆಯ ಒಳಬದಿಗೇ ಅಚ್ಚು ಹಾಕಿಸಿದ್ದಾರೆ. ಒಳ್ಳೆಯ ಕೆಲಸ.

ಇನ್ನು ಕೋಆರ್ಡಿನೇಟರ್. ಡಿಗ್ರಿ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯ), ಸಂಬಳ ತಂಡದಲ್ಲೇ ಕಡಿಮೆ, ಇಡೀ ಸೇವೆ ನಿಂತಿರುವುದು ಇವರ ಹೆಗಲ ಮೇಲೆ. ಹದಿನೈದು ದಿನಕ್ಕೊಮ್ಮೆ ಎಲ್ಲರ ಮನೆಗೂ ಫೋನ್. ಮೂರೇ ಅಂಕಿ ಕೇಳುತ್ತಾರೆ. ಎಷ್ಟು ತಾಸು ನಿದ್ದೆ, ಎಷ್ಟು ಸಲ ಹೊಡೆದುಕೊಂಡದ್ದು, ಮತ್ತು ಆ ವ್ಯಕ್ತಿಯೇ ಆರಿಸಿದ ಒಂದು ಸಂಗತಿ: ಅಂಗಡಿಗೆ ಒಬ್ಬನೇ ಹೋದದ್ದು ಎಷ್ಟು ಸಲ, ತಂಗಿಯ ಜೊತೆ ಕೂತು ಉಂಡದ್ದು ಎಷ್ಟು ಹೊತ್ತು. ಖಿನ್ನತೆಗೆ ಎಲ್ಲೆಡೆ ಬಳಸುವ ಪಿಎಚ್‌ಕ್ಯೂ-9 ಪ್ರಶ್ನಾವಳಿಯನ್ನು ಮಾತಾಡಬಲ್ಲವರಿಗೆ ಮಾತ್ರ ಕೊಡುತ್ತಾರೆ. ಅದನ್ನೂ ಅವರವರ ಹಿಂದಿನ ಅಂಕಿಯ ಜೊತೆಗೇ ಹೋಲಿಸುತ್ತಾರೆ. ಕಡಿಮೆ ಮಾತಾಡುವುದು, ನಿಧಾನ ಚಲಿಸುವುದು, ಊಟದಲ್ಲಿ ಆಯ್ಕೆ ಇವು ಹುಟ್ಟಿನಿಂದಲೇ ಇರಬಹುದು. ಬದಲಾದದ್ದೇನು ಎಂಬುದೇ ಲೆಕ್ಕ. ಸಾಯುವ ಯೋಚನೆಯ ಬಗ್ಗೆ ಮಾತ್ರ ಎಲ್ಲರಿಗೂ ನೇರ ಕೇಳುತ್ತಾರೆ, ಸುತ್ತು ಬಳಸುವುದಿಲ್ಲ. ಚೆನ್ನಾಗಿ ಓದಿದ, ಎದುರಿಗೆ ನಗುನಗುತ್ತ ಮಾತಾಡುವ, ಮನೆಗೆ ಬಂದು ಕತ್ತಲಲ್ಲಿ ಮಲಗುವ ಹುಡುಗಿಯರಲ್ಲಿ ಈ ಅಪಾಯ ದೊಡ್ಡದು, ಕಾಣುವುದು ಕಡಿಮೆ.

ಪ್ರತಿಯೊಬ್ಬರಿಗೂ ಒಂದು ಪುಟದ ಚೀಟಿ ಮಾಡಿ ಲ್ಯಾಮಿನೇಟ್ ಮಾಡಿಕೊಡುತ್ತಾರೆ. ಅದರ ಮಾದರಿಯನ್ನು ಇಲ್ಲಿ ಕೊಟ್ಟರೆ ಮನೆಯಲ್ಲೇ ಬರೆದುಕೊಳ್ಳಬಹುದು: "ನನಗ ಮಾತು ತಿಳೀತದ, ಉತ್ತರ ಕೊಡ್ಲಿಕ್ಕೆ ಹೊತ್ತು ಬೇಕು, ಹತ್ತು ಎಣಿಸ್ರಿ. ಹಿಂದಿನಿಂದ ಮುಟ್ಟಬ್ಯಾಡ್ರಿ. ಬಿಪಿ ಪಟ್ಟಿ ಕಟ್ಟೂ ಮುಂಚೆ ನನ್ನ ಕೈಯಾಗ ಕೊಡ್ರಿ. ನೋವಾದ್ರ ನಾನು ನಗತೀನಿ." ಕಡೆಯ ಸಾಲು ಎಷ್ಟು ಕ್ಯಾಜುವಾಲ್ಟಿಗಳಲ್ಲಿ ಕೆಲಸಕ್ಕೆ ಬಂದೀತು ಹೇಳಲಾಗದು. ಕೆಳಗೆ ಈಗಿನ ಔಷಧ, ಹಿಂದೆ ಒಗ್ಗದ ಔಷಧ, ಅಲರ್ಜಿ, ಕೋಆರ್ಡಿನೇಟರ್ ಫೋನು. ಭಾಷೆಯ ಬಗ್ಗೆ ಒಂದು ಸಣ್ಣ ತಕರಾರು. ಚೀಟಿ ನಮ್ಮ ಮಾತಿನಲ್ಲಿದೆ, ಆದರೆ ಸ್ಪೀಚ್ ವಿಭಾಗದ ಚಿತ್ರಕಾರ್ಡುಗಳ ಮೇಲೆ "ಶೌಚಾಲಯ", "ಉಪಾಹಾರ". ಮನೆಯಲ್ಲಿ ಯಾರೂ ಆಡದ ಶಬ್ದವನ್ನು ಕಾರ್ಡಿನಲ್ಲಿ ಕಲಿಸಿದರೆ ಮಗುವಿಗೆ ಎರಡು ಭಾಷೆ ಕಲಿಸಿದ ಹಾಗೆ. "ಸಂಡಾಸ", "ನಾಷ್ಟಾ" ಅಂತ ಬರೆಯಲಿಕ್ಕೆ ನಾಚಿಕೆ ಯಾಕೆ?

ಈಗ ದೊಡ್ಡ ತಕರಾರುಗಳು. ಸಂಜೆ ಐದಕ್ಕೆ ಬಾಗಿಲು ಹಾಕಿದ ಮೇಲೆ ಈ ಸೇವೆ ಇಲ್ಲ. ಬಿಕ್ಕಟ್ಟು ಬರುವುದು ರಾತ್ರಿ ಹನ್ನೊಂದಕ್ಕೆ, ಗಣೇಶನ ಮೆರವಣಿಗೆಯ ಡಿಜೆ ಮನೆಯ ಮುಂದೆ ಬಂದಾಗ, ರಂಗಪಂಚಮಿಯ ಹಲಗಿ ಸದ್ದಿನಲ್ಲಿ, ದೀಪಾವಳಿಯ ಪಟಾಕಿಗೆ. ಆಗ ಮನೆಯವರ ಕೈಯಲ್ಲಿ ಇರುವುದು ಟೆಲಿ ಮಾನಸ್ ಸಹಾಯವಾಣಿ 14416. 2022ರ ಅಕ್ಟೋಬರ್ 10ರಂದು ಶುರುವಾದ ಇದು ಹಗಲು ರಾತ್ರಿ ನಡೆಯುತ್ತದೆ, ಕನ್ನಡದಲ್ಲಿ ಮಾತಾಡಬಹುದು. ದಿಗಿಲಿನಲ್ಲಿರುವ ತಾಯಿಗೆ ಆಸರೆಯಾಗುತ್ತದೆ, ನಿಜ. ಆದರೆ ಫೋನೆತ್ತಿದವರ ಮುಂದೆ ಹುಡುಗನ ಫೈಲು ಇರುವುದಿಲ್ಲ. ಸೇವೆಯವರು ಒಂದು ಬಿಕ್ಕಟ್ಟಿನ ಯೋಜನೆಯನ್ನಾದರೂ ಲಿಖಿತವಾಗಿ ಕೊಡಬೇಕಿತ್ತು, ಕೊಟ್ಟಿಲ್ಲ. ಅದರಲ್ಲಿ ಏನಿರಬೇಕು ಅಂತ ನಾವೇ ಹೇಳುತ್ತೇವೆ. ಮೊದಲು ಸದ್ದು, ಬೆಳಕು, ಜನ ಕಡಿಮೆ ಮಾಡಿ. ಒಬ್ಬರೇ ಮಾತಾಡಿ, ಎರಡು ಮೂರು ಶಬ್ದಕ್ಕಿಂತ ಜಾಸ್ತಿ ಬೇಡ. ಗೋಡೆ ಮತ್ತು ತಲೆಯ ನಡುವೆ ದಿಂಬು ಇಡಿ, ಕೈ ತಿರುವಿ ಹಿಡಿಯಬೇಡಿ. ಮುಗಿದ ಮೇಲೆ ಪಾಠ ಹೇಳಲು ಹೋಗಬೇಡಿ, ಮೈ ತಣ್ಣಗಾಗಲು ತಾಸುಗಟ್ಟಲೆ ಬೇಕು. ಪ್ರಜ್ಞೆ ತಪ್ಪಿದರೆ, ವಾಂತಿಯಾದರೆ, ರಕ್ತ ನಿಲ್ಲದಿದ್ದರೆ 108.

ಒಳರೋಗಿಯಾಗಿ ಸೇರಿಸಬೇಕಾದರೆ ಹಾದಿ ಧಾರವಾಡದ ಡಿಮ್ಹಾನ್ಸ್‌ಗೆ. 1845ರಿಂದ ಮಾನಸಿಕ ಆಸ್ಪತ್ರೆಯಾಗಿ ನಡೆದುಬಂದ ಜಾಗ, ಬೆಳಗಾವಿ ರಸ್ತೆಯಲ್ಲಿದೆ. ಕೂಡು-ಆರೈಕೆಯವರು ದಾಖಲಾತಿಗೆ ಕಳಿಸುವಾಗ ಒಂದು ಪುಟದ ಚೀಟಿಯನ್ನು ಜೊತೆಗೆ ಕಳಿಸುತ್ತಾರೆ, ವಾಪಸು ಬಂದ ಮೇಲೆ ಏಳು ದಿನದೊಳಗೆ ನೋಡುತ್ತಾರೆ. ಇದು ಸರಿ. ಕಾನೂನಿನ ತಯಾರಿ ಮಾತ್ರ ಸೊನ್ನೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ವಯಸ್ಕರು ತಮಗೆ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ ಅಂತ ಮುಂಗಡವಾಗಿ ಬರೆದಿಡಬಹುದು, ತಮ್ಮ ಪರ ನಿಲ್ಲುವ ಪ್ರತಿನಿಧಿಯನ್ನೂ ಹೆಸರಿಸಬಹುದು. ಅದೇ ಕಾಯ್ದೆ ರೋಗಿಯನ್ನು ಒಂಟಿ ಕೋಣೆಯಲ್ಲಿ ಕೂಡಿಹಾಕುವುದನ್ನು ನಿಷೇಧಿಸುತ್ತದೆ. ಕಟ್ಟಿಹಾಕುವುದಕ್ಕೆ, ತಕ್ಷಣದ ಅಪಾಯ ತಪ್ಪಿಸಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ ಅವಕಾಶ. ಆಟಿಸಂ ಇರುವವರಿಗೆ ಈ ಬರಹ ಎಷ್ಟು ಉಪಯೋಗವೆಂದರೆ "ನನ್ನ ಹೆಡ್‌ಫೋನ್ ಕಸಿದುಕೊಳ್ಳಬೇಡಿ" ಅಂತಲೂ ಅದರಲ್ಲಿ ಬರೆಯಬಹುದು. ಸಮಾಧಾನದಿಂದ ಇರುವ ದಿನಗಳಲ್ಲಿ ಸೈಕಾಲಜಿಸ್ಟ್ ಕೂತು ಎರಡು ಭೇಟಿಯಲ್ಲಿ ಮುಗಿಸಬಹುದಾದ ಕೆಲಸ.

ದೂರದವರಿಗೂ ಅನ್ಯಾಯ ಆಗುತ್ತಿದೆ. ಗದಗಿನಿಂದ ಸುಮಾರು 60 ಕಿಲೋಮೀಟರು, ಹಾವೇರಿಯಿಂದ ಅದಕ್ಕೂ ಹೆಚ್ಚು. ಬಸ್ಸಿನ ಗದ್ದಲದಲ್ಲಿ ಎರಡು ತಾಸು ಕೂತು ಬಂದ ಹುಡುಗನನ್ನು ನೋಡಿ ಚಡಪಡಿಕೆ ಅಂತ ಬರೆದುಕೊಂಡರೆ ಅದು ಬಸ್ಸಿನ ವರದಿ. ಮೊದಲ ಭೇಟಿ ಎದುರಾಬದುರಾ ಆಗಲಿ, ಆಮೇಲಿನ ಎರಡರಲ್ಲಿ ಒಂದು ವಿಡಿಯೋದಲ್ಲಿ ಮಾಡಬಹುದು. ತೂಕ, ಬಿಪಿ ತಾಲೂಕು ಆಸ್ಪತ್ರೆಯಲ್ಲೇ ಆಗುತ್ತದೆ. ಅಲ್ಲಿ ಮಂಗಳವಾರ ನಡೆಯುವ ಸರ್ಕಾರದ ಮಾನಸಿಕ ಆರೋಗ್ಯದ ಮನೋಚೈತನ್ಯ ಕ್ಲಿನಿಕ್ ಅದಕ್ಕಂತಲೇ ಇದ್ದಹಾಗಿದೆ. ಈ ಎರಡನ್ನು ಜೋಡಿಸುವ ಪತ್ರವ್ಯವಹಾರ ಯಾಕೋ ಶುರುವೇ ಆಗಿಲ್ಲ.

ಕಾಗದಪತ್ರದ ಸಹಾಯ ಸಾಧಾರಣ. ಯುಡಿಐಡಿ (ಅಂಗವಿಕಲರ ಗುರುತಿನ) ಕಾರ್ಡಿಗೆ ಆಟಿಸಂ ಎಷ್ಟಿದೆ ಅಂತ ಹೇಳುವ ಐಎಸ್‌ಎಎ ಅಳತೆಯನ್ನು ಮಾಡಿಕೊಡುತ್ತಾರೆ: 40 ಪ್ರಶ್ನೆ, ಒಂದೊಂದಕ್ಕೆ 1ರಿಂದ 5 ಅಂಕ, ಒಟ್ಟು 70ರಿಂದ ಆಟಿಸಂ, 153 ದಾಟಿದರೆ ತೀವ್ರ. ಗುಳಿಗೆಯಿಂದ ಮಂಪರಾಗಿರುವ ದಿನ ಮಾಡಿಸಬೇಡಿ, ಅಂಕ ಏರುಪೇರಾಗುತ್ತದೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ಆರೋಗ್ಯ ವಿಮೆ ವರ್ಷಕ್ಕೆ 1 ಲಕ್ಷದ ತನಕ, ಮೊದಲೇ ಇದ್ದ ಕಾಯಿಲೆಗೂ ತಡೆ ಇಲ್ಲ. ಆದರೆ ಕ್ಲೇಮಿಗೆ ಬಿಡಿಬಿಡಿ ಬಿಲ್ಲು ಬೇಕು, ಇಲ್ಲಿ ಐದು ಜನರಿಗೆ ಸೇರಿ ಒಂದೇ ರಸೀದಿ ಹರಿಯುತ್ತಾರೆ. ಕೌಂಟರಿನಲ್ಲೇ ನಿಂತು ಒಟಿಗೆ ಇಷ್ಟು, ಸ್ಪೀಚ್‌ಗೆ ಇಷ್ಟು ಅಂತ ಬೇರೆ ಬರೆಸಿಕೊಳ್ಳಿ. 18 ತುಂಬಿದ ಮೇಲೆ ಪೋಷಕರ ಸಹಿ ತಾನಾಗಿ ನಡೆಯುವುದಿಲ್ಲ. ಕಾನೂನು ಪಾಲಕತ್ವ ಬೇಕೇ ಬೇಕು ಅನ್ನುವವರು 1999ರ ರಾಷ್ಟ್ರೀಯ ನ್ಯಾಸ ಕಾಯ್ದೆಯಡಿ ಜಿಲ್ಲಾಧಿಕಾರಿಗಳ ಸ್ಥಳೀಯ ಮಟ್ಟದ ಸಮಿತಿಗೆ ಅರ್ಜಿ ಹಾಕಬೇಕು. ಇದನ್ನು ಹದಿನೇಳರಲ್ಲೇ ಹೇಳಿದರೆ ಚೆನ್ನ. ಇಲ್ಲಿ ಹತ್ತೊಂಬತ್ತಕ್ಕೆ ಹೇಳುತ್ತಾರೆ.

ಇಷ್ಟೆಲ್ಲ ಹೇಳಿ ಐದಕ್ಕೆ ಮೂರೂವರೆ ಕೊಡುತ್ತೇವೆ. ಮೂರು ಪೂರ್ತಿ ಗುಳಿಗೆಯ ಶಿಸ್ತಿಗೆ ಮತ್ತು ಆ ಮೊದಲ ಎರಡು ವಾರಕ್ಕೆ, ಅರ್ಧ ಕೋಆರ್ಡಿನೇಟರ್ ಫೋನಿಗೆ. ಅರ್ಧವೇ ಯಾಕೆ ಅಂದರೆ ಅವರು ರಜೆ ಹಾಕಿದ ತಿಂಗಳು ಆ ಫೋನನ್ನು ಎತ್ತುವವರು ಯಾರೂ ಇರುವುದಿಲ್ಲ, ರಿಜಿಸ್ಟರು ಕಪಾಟಿನಲ್ಲಿ ಬೀಗ ಹಾಕಿಕೊಂಡು ಕೂತಿರುತ್ತದೆ. ಎರಡನೇ ಕೋಆರ್ಡಿನೇಟರ್ ಬಂದ ದಿನ ನಾಲ್ಕೂವರೆ.

ಹೋಗುವವರು ಇವನ್ನು ಒಯ್ಯಿರಿ: ಎಲ್ಲ ಗುಳಿಗೆಯ ಸ್ಟ್ರಿಪ್‌ಗಳು, ಖಾಲಿಯಾದವನ್ನೂ ಸೇರಿಸಿ, ಎರಡು ವಾರದ ನಿದ್ದೆ ಮತ್ತು ಮಲವಿಸರ್ಜನೆಯ ಲೆಕ್ಕ, ತೊಂದರೆ ಆಗುವಾಗ ತೆಗೆದ ಎರಡು ನಿಮಿಷದ ವಿಡಿಯೋ, ಅದು ಶುರುವಾಗುವ ಮುಂಚಿನ ಅರ್ಧ ನಿಮಿಷವೂ ಇದ್ದರೆ ಇನ್ನೂ ಒಳ್ಳೆಯದು, ಮನೆಯ ತಿಂಡಿಯ ಡಬ್ಬಿ, ಯಾಕೆಂದರೆ ಪಕ್ಕದ ಕ್ಯಾಂಟೀನಿನಲ್ಲಿ ಗಿರ್ಮಿಟ್ಟು ಮಿರ್ಚಿ ಬಿಟ್ಟು ಬೇರೇನೂ ಸಿಗುವುದಿಲ್ಲ. ಫೋನ್ ಮಾಡಿ ಎರಡೂವರೆಯ ಹೊತ್ತನ್ನೇ ಕೇಳಿ. ನಾಲ್ಕರ ಮೇಲೆ ಪಕ್ಕದ ಶಾಲೆ ಬಿಡುತ್ತದೆ, ಗಂಟೆ ನೇರ ಆ ಕೋಣೆಯ ಕಿಟಕಿಗೇ ಬಡಿಯುತ್ತದೆ.